ಲದ್ದಿಯಿಂದ ಆನೆಯ ಲೆಕ್ಕ

ಛತ್ತೀಸಗಢದ ಉತ್ತರಭಾಗದಲ್ಲಿರುವ ಹಸದೇವ ಅರಣ್ಯವು ಸಾಲವೃಕ್ಷಗಳ ದೊಡ್ಡ ಕಾಡು. ಅದರ ನೆಲದಡಿಯಲ್ಲಿ ಕಲ್ಲಿದ್ದಲಿನ ಪದರಗಳಿವೆ. ಇಲ್ಲಿಯದು ತೆರೆದ ಗಣಿಯಾದ್ದರಿಂದ ಮೇಲಿನ ಮರಗಳನ್ನು ಕಡಿದು, ಮಣ್ಣುಕಲ್ಲುಗಳನ್ನು ತೆಗೆದ ಹೊರತು ಇದ್ದಲು ಕೈಗೆ ಬಾರದು. ಹಾಗಾದರೆ ಆ ನೆಲದಲ್ಲಿ ಯಾವ ಪ್ರಾಣಿಗಳಿವೆ, ಎಷ್ಟಿವೆ ಎಂಬುದನ್ನು ಮೊದಲು ತಿಳಿಯಬೇಕಷ್ಟೆ. ಆದರೆ ಎಣಿಸುವುದು ಹೇಗೆ?

ಹುಲಿಯ ವಿಷಯದಲ್ಲಿ ಅದರ ಪಟ್ಟೆಗಳೇ ನೆರವಾಗುತ್ತವೆ. ಒಂದರ ಪಟ್ಟೆಯಂತೆ ಇನ್ನೊಂದರದಿಲ್ಲ. ಕಾಡಿನಲ್ಲಿ ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನಿಟ್ಟು, ಪಟ್ಟೆಯಿಂದ ಹುಲಿಗಳನ್ನು ಗುರುತಿಸಿ ಲೆಕ್ಕಹಾಕುವ ವಿಧಾನವನ್ನು ನಮ್ಮ ನಾಗರಹೊಳೆಯಲ್ಲಿಯೇ ಡಾ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ಬಳಕೆಗೆ ತಂದರು.

ದಟ್ಟವಾದ ಕಾಡಿನಲ್ಲಿ ಆನೆಯು ಹತ್ತು ಮಾರು ದೂರದಲ್ಲಿದ್ದರೂ ಕಾಣದೆ ಹೋಗಬಹುದು. ಲದ್ದಿ ಮಾತ್ರ ಎಲ್ಲಿಗೂ ಓಡದು! ವಾಚಕರು ನಗಬಾರದು, ಇದರಲ್ಲಿ ಒಳ್ಳೆಯ ಭೌತವಿಜ್ಞಾನವಿದೆ. ತೊಟ್ಟಿಗೆ ನೀರು ಬೀಳುವ ವೇಗವೂ ಸೋರಿಹೋಗುವ ವೇಗವೂ ಸಮವಾದಾಗ ಮಟ್ಟವು ಸ್ಥಿರವಾಗಿ ನಿಲ್ಲುವುದಲ್ಲವೆ? ಲದ್ದಿಯ ಗುಡ್ಡೆಗಳೂ ಹಾಗೆಯೇ. ಒಂದು ಆನೆ ದಿನಕ್ಕೆ ಸುಮಾರು 16 ಸಲ ಲದ್ದಿ ಹಾಕುತ್ತದೆಂದೂ, ಒಂದು ಗುಡ್ಡೆ ಸರಾಸರಿ 100 ದಿನ ಉಳಿಯುತ್ತದೆಂದೂ ಇಟ್ಟುಕೊಳ್ಳೋಣ. ಆಗ ಆನೆಯೊಂದಕ್ಕೆ 1600 ಗುಡ್ಡೆಗಳಾದವು. ಒಂದು ಚದರ ಕಿಲೋಮೀಟರಿನಲ್ಲಿ 800 ಗುಡ್ಡೆಗಳಿದ್ದರೆ, ಎರಡು ಚದರ ಕಿಲೋಮೀಟರಿಗೆ ಒಂದು ಆನೆ.

ಮಳೆಯಿಂದಲೂ ಹುಳುಗಳಿಂದಲೂ ಗುಡ್ಡೆಯು 50 ದಿನಗಳಲ್ಲಿಯೇ ಕರಗುವ ಕಾಡಿನಲ್ಲಿ 100 ದಿನದ ಅಂಕಿಯನ್ನೇ ಹಿಡಿದು ಗುಣಿಸಿದೆವೆನ್ನಿ. ಇರುವ ಆನೆಗಳಲ್ಲಿ ಅರ್ಧದಷ್ಟು ಕಾಗದದ ಮೇಲೆ ಮಾಯವಾಗುತ್ತವೆ. ಆದುದರಿಂದ ಕರಗುವ ಕಾಲವನ್ನು ಆಯಾ ಕಾಡಿನಲ್ಲಿಯೇ ಅಳೆಯಬೇಕು. ಆನೆಗಳು ಋತುವಿಗೆ ತಕ್ಕಂತೆ ಸಂಚರಿಸುವ ನೆಲದಲ್ಲಿ ಒಂದೇ ತಿಂಗಳ ಸಮೀಕ್ಷೆಯಿಂದ 'ಇಲ್ಲಿ ಆನೆಯಿಲ್ಲ' ಎಂದು ಬರೆಯುವುದಂತೂ ಲೆಕ್ಕವೇ ಅಲ್ಲವೆಂಬುದು ನಮ್ಮ ಅಭಿಪ್ರಾಯ.

ಹಸದೇವದಲ್ಲಿ ಕ್ರಮವೇ ತಿರುಗುಮುರುಗಾಯಿತು. ಪರಸಾ ಪೂರ್ವ ಮತ್ತು ಕೇತೆ ಬಾಸನ ಗಣಿಗೆ 2011ರಲ್ಲಿ ಅರಣ್ಯ ಅನುಮತಿ ದೊರೆಯಿತು. 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಅದನ್ನು ರದ್ದುಗೊಳಿಸಿತಾದರೂ, ಸರ್ವೋಚ್ಚ ನ್ಯಾಯಾಲಯದ ತಡೆಯಾಜ್ಞೆಯಿಂದ ಅಗೆತವು ಮುಂದುವರಿಯಿತು. ಭಾರತೀಯ ವನ್ಯಜೀವಿ ಸಂಸ್ಥೆಯ ವರದಿ ಬಂದುದು 2021ರಲ್ಲಿ. ದೇಶದ ಕಾಡಾನೆಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಮೆ ಆನೆಗಳಿರುವ ಈ ರಾಜ್ಯದಲ್ಲಿ, ಆನೆಗಳಿಂದಾಗುವ ಮನುಷ್ಯರ ಸಾವು ಮಾತ್ರ ದೇಶದ ಒಟ್ಟಿನಲ್ಲಿ ನೂರಕ್ಕೆ ಹದಿನೈದನ್ನು ಮೀರಿದೆಯೆಂದು ಆ ವರದಿ ತಿಳಿಸಿ, ಉಳಿದ ಕಾಡಿನಲ್ಲಿ ಹೊಸ ಗಣಿಗಳು ಬೇಡವೆಂದು ಸಲಹೆಮಾಡಿತು. ಅದೇ ಗಣಿಯ ಎರಡನೆಯ ಹಂತಕ್ಕೆ ರಾಜ್ಯ ಸರಕಾರವು 2022ರ ಮಾರ್ಚಿಯಲ್ಲಿ ಅನುಮತಿಯಿತ್ತಿತು.