ಗಡ್ಡದ ಅರಸನ ಗುಟ್ಟು ಬಿಟ್ಟುಕೊಟ್ಟ ಪ್ರತ್ಯಯ

ಈಜಿಪ್ಟಿನ ಚಿತ್ರಲಿಪಿಯ ಒಗಟನ್ನು 1822ರಲ್ಲಿ ಬಿಡಿಸಿದ ಫ್ರೆಂಚ್ ವಿದ್ವಾಂಸ ಶಾಂಪೋಲಿಯನ್‌ಗೆ 1829ರಲ್ಲಿ ಹೊಸದೊಂದು ಒಗಟು ಎದುರಾಯಿತು. ನೈಲ್ ನದಿಯ ಪಶ್ಚಿಮಕ್ಕಿರುವ ದೇರ್ ಎಲ್ ಬಹ್ರಿ ದೇಗುಲದ ಗೋಡೆಯ ಮೇಲಿದ್ದದ್ದು ಗಡ್ಡಧಾರಿ ಅರಸನ ಚಿತ್ರ. ಪಕ್ಕದ ಬರಹದಲ್ಲಿ ಮಾತ್ರ ನಾಮಪದ, ಕ್ರಿಯಾಪದಗಳು ಸ್ತ್ರೀಲಿಂಗದಲ್ಲಿದ್ದವು!

ಪ್ರಾಚೀನ ಈಜಿಪ್ಟಿನ ಭಾಷೆಯಲ್ಲಿ ಲಿಂಗವನ್ನು ತಿಳಿಸುವುದು ಪದದ ಕೊನೆಗೆ ಅಂಟುವ ಪ್ರತ್ಯಯ. ಸ್ತ್ರೀಲಿಂಗಕ್ಕೆ 'ತ್', ಬರೆಯುವುದು ಪುಟ್ಟ ರೊಟ್ಟಿಯ ಚಿತ್ರದಿಂದ. 'ಸೆನ್' ಎಂದರೆ ಸೋದರ, 'ಸೆನೆತ್' ಎಂದರೆ ಸೋದರಿ. ಆ ಲಿಪಿಯಲ್ಲಿ ಸ್ವರಗಳನ್ನು ಬರೆಯುತ್ತಿರಲಿಲ್ಲ. ನಡುವಿನ 'ಎ'ಕಾರ ಇಂದಿನ ವಿದ್ವಾಂಸರು ಓದುವ ಅನುಕೂಲಕ್ಕೆ ಸೇರಿಸಿಕೊಂಡದ್ದು.

ಸರ್ವನಾಮವೂ ಹೀಗೆಯೇ ಬಾಲದಂತೆ ಅಂಟುತ್ತದೆ. ಕನ್ನಡದ 'ಅವನ ಮನೆ' ಅಲ್ಲಿ ತಿರುವುಮುರುವು. 'ಪೆರ್' ಅಂದರೆ ಮನೆ. ಅದಕ್ಕೆ ಕೊಂಬಿನ ಹಾವಿನ ಚಿತ್ರವಾದ 'ಫ್' ಸೇರಿದರೆ ಅವನ ಮನೆ; ಮಡಿಸಿದ ಬಟ್ಟೆಯ ಚಿತ್ರವಾದ 'ಸ್' ಸೇರಿದರೆ ಅವಳ ಮನೆ. ಇವೇ ಪ್ರತ್ಯಯಗಳು ಕ್ರಿಯಾಪದಕ್ಕೂ ಸಲ್ಲುತ್ತವೆ. 'ಸೆಜೆಮ್' ಎಂದರೆ ಕೇಳು. 'ಸೆಜೆಮೆಫ್' ಎಂದರೆ ಅವನು ಕೇಳುತ್ತಾನೆ, 'ಸೆಜೆಮೆಸ್' ಎಂದರೆ ಅವಳು ಕೇಳುತ್ತಾಳೆ.

ಗೋಡೆಯ ಮೇಲಿನ 'ಅರಸ' ಕ್ರಿ.ಪೂ. 15ನೆಯ ಶತಮಾನದಲ್ಲಿ ಆಳಿದ ಹತ್‌ಶೆಪ್ಸುತ್ ಎಂಬ ರಾಣಿ ಎಂಬುದು ಮುಂದೆ ಖಚಿತವಾಯಿತು. ಅರಸರ ಸಂಪ್ರದಾಯದಂತೆ ಆಕೆ ಕೃತಕ ಗಡ್ಡ ತೊಟ್ಟು ಚಿತ್ರಿಸಿಕೊಂಡಿದ್ದಳು. ಆಕೆಯ ನಂತರ 3ನೆಯ ತುತ್‌ಮೋಸ್‌ನ ಆಳ್ವಿಕೆಯಲ್ಲಿ ಆಕೆಯ ಹೆಸರನ್ನು ಉಳಿಯಿಂದ ಕೆತ್ತಿ ತೆಗೆದು, ಹಲವೆಡೆ ಬೇರೆ ಅರಸರ ಹೆಸರು ಬರೆಸಲಾಯಿತು. ಆದರೆ ಪದಗಳ ಕೊನೆಯ ಸ್ತ್ರೀಲಿಂಗ ಪ್ರತ್ಯಯಗಳು ಅಲ್ಲಲ್ಲಿ ಉಳಿದೇಬಿಟ್ಟವು. ಹೆಸರು ಅಳಿಸಿದವರು ವ್ಯಾಕರಣವನ್ನು ಮರೆತಿದ್ದರು.