ಅಂಗಡಿಯ ಜಗಲಿ

ತೂಬಗೆರೆ ಎಂಬ ಹೆಸರನ್ನು ಬಿಡಿಸಿ ಬರೆದರೆ ತೂಬೂ ಕೆರೆಯೂ ದೊರೆಯುತ್ತವೆ. ನಡುವಿನ ಕಕಾರವು ಗಕಾರವಾದದ್ದು ಆದೇಶಸಂಧಿ. ತರಗತಿಯಲ್ಲಿ ಇಷ್ಟು ಹೇಳಿ ಮುಂದಕ್ಕೆ ಹೋಗುವುದು ನನ್ನ ಪದ್ಧತಿ. ಕೆರೆಯ ನೀರು ಊರವರೆಲ್ಲರದು, ತೂಬನ್ನೆತ್ತುವ ಕೈ ಮಾತ್ರ ಒಂದೇ ಎಂಬ ಸಂಗತಿಯೂ ಆ ಸಮಾಸದಲ್ಲಿ ಅಡಗಿದೆಯೆಂದು ನನಗೆ ತೋರಿದ್ದು ತೀರ ಈಚೆಗೆ. ಅದೂ ಒಂದು ಹಾರ್ಡ್‌ವೇರ್ ಅಂಗಡಿಯ ಜಗಲಿಯ ಮೇಲೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ಈ ಹೋಬಳಿಯನ್ನು ಹೊರಗಿನವರು ಬಲ್ಲುದು ಘಾಟಿ ಸುಬ್ರಹ್ಮಣ್ಯದ ದೆಸೆಯಿಂದ, ಅಲ್ಲಿಯ ದನಗಳ ಜಾತ್ರೆಯಿಂದ. ನಾನು ಹೋದದ್ದು ಜಾತ್ರೆಗಲ್ಲ. ನಮ್ಮ ಹಳೆಯ ಮನೆಯದು ಮದ್ರಾಸ್ ತಾರಸಿ. ಮರದ ಜಂತೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಅವುಗಳ ಮೇಲೆ ಇಟ್ಟಿಗೆಯ ಚೂರೂ ಸುಣ್ಣವೂ ಬೆರೆತ ಗಾರೆಯನ್ನು ಬಡಿದು ಕೂರಿಸಿದ ಚಾವಣಿ ಅದು. ಮೂರು ಮಳೆಗಾಲಗಳಿಂದ ಅಡಿಗೆಮನೆಯ ಮೂಲೆಯಲ್ಲಿ ಸೋರುತ್ತಿತ್ತು. ಎರಡು ಸಲ ಸಿಮೆಂಟು ಮೆತ್ತಿಸಿದ್ದಾಯಿತು. ಎರಡು ಸಲವೂ ಬಿರುಕು ಬಿಟ್ಟಿತು. ಮೂರನೆಯ ಸಲಕ್ಕೆಂದು ಇನ್ನೊಂದು ಚೀಲ ಕೊಳ್ಳಲು ಹೋದ ನನ್ನನ್ನು, ಜಗಲಿಯಲ್ಲಿ ಕುಳಿತು ಟೀ ಕುಡಿಯುತ್ತಿದ್ದ ಮುದುಕ ಮೇಸ್ತ್ರಿಯೊಬ್ಬರು ತಡೆದರು.

“ಸಿಮೆಂಟು ಬ್ಯಾಡಿ ಮೇಷ್ಟ್ರೇ. ಸುಣ್ಣದ ಮೈಗೆ ಅದು ಒಗ್ಗಕಿಲ್ಲ. ಎರಡು ಬೇಸ್ಗೆ ಕಳೀಲಿ, ಹಕ್ಕಳೆ ಎದ್ದಂಗೆ ಎದ್ದು ಬತ್ತದೆ.”

ಮಾತು ಒರಟಾದರೂ ಅದರಲ್ಲಿ ಶಾಸ್ತ್ರವಿತ್ತು. ಸುಣ್ಣದ ಗಾರೆ ಮೃದು. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಕಟ್ಟಡದೊಡನೆ ತಾನೂ ಇಷ್ಟಿಷ್ಟು ಬಾಗುತ್ತದೆ, ಒಳಗೆ ಸೇರಿದ ತೇವವನ್ನು ಹೊರಕ್ಕೆ ಬಿಡುತ್ತದೆ. ಸಿಮೆಂಟು ಬಿಗಿ, ತೇವವನ್ನು ಒಳಗೇ ಕೂಡಿಹಾಕುತ್ತದೆ. ಒಂದೇ ಚಾವಣಿಯಲ್ಲಿ ಈ ಇಬ್ಬರ ಸಂಸಾರ ಬಹುಕಾಲ ಸಾಗದು. ಮೆತ್ತಿದ್ದನ್ನು ಕಿತ್ತು, ಬಿರುಕನ್ನು ಅಗಲಿಸಿ ತೊಳೆದು, ನೆನೆಸಿ, ಸುಣ್ಣಕ್ಕೆ ಇಟ್ಟಿಗೆಪುಡಿ ಕಲಸಿ, ಬೆಲ್ಲವೂ ಅಳಲೆಕಾಯಿಯೂ ನೆನೆದ ನೀರನ್ನು ಹಾಕಿ ಬಡಿಯಬೇಕೆಂದು ಮೇಸ್ತ್ರಿ ವಿಧಿಸಿದರು. ಆಮೇಲೆ ದಿನಗಟ್ಟಲೆ ತೇವ ಆರಗೊಡಬಾರದು. ಅಂಗಡಿಯ ಶೆಟ್ಟರು ಒಂದು ಚೀಲದ ವ್ಯಾಪಾರ ಕೈತಪ್ಪುವುದನ್ನು ಕಂಡೂ ನಡುವೆ ಬಾಯಿಹಾಕಲಿಲ್ಲ. “ಸುಣ್ಣ ತರಿಸ್ತೀನಿ ಸಾರ್, ಗುರುವಾರ ಬನ್ನಿ” ಎಂದಷ್ಟೇ ಹೇಳಿದರು. ಆ ವರ್ಷ ನಮ್ಮ ಅಡಿಗೆಮನೆ ಸೋರಲಿಲ್ಲ.

ಅಂದಿನಿಂದ ಆ ಜಗಲಿಯ ಗಿರಾಕಿ ನಾನು. ಮೊಳೆ ಬೇಕೆಂಬುದು ನೆಪ. ಗಾರೆಯವರು, ಬಡಗಿಗಳು, ಮೋಟಾರು ಸುತ್ತುವ ಹುಡುಗರು, ಕೆಲಸ ಮುಗಿದ ರೈತರು ಅಲ್ಲಿ ಸೇರುತ್ತಾರೆ. ಒಬ್ಬ ರೈತ ಪಿ.ವಿ.ಸಿ. ಕೊಳವೆಯನ್ನು ಉದ್ದಕ್ಕೆ ಸೀಳಿ ಹೆಂಚಿನ ಅಂಚಿಗೆ ದೋಣಿಯಾಗಿ ಕಟ್ಟಿಕೊಂಡಿದ್ದ. ಬಡಗಿ ಅದಕ್ಕೆ ತಗಡಿನ ಹಿಡಿಯೊಂದನ್ನು ಬಗ್ಗಿಸಿಕೊಟ್ಟ. ಇಂದು ಶೆಟ್ಟರು ಸೀಳಿದ ಕೊಳವೆಯನ್ನೂ ಹಿಡಿಯನ್ನೂ ಸಿದ್ಧವಾಗಿಟ್ಟು ಮಾರುತ್ತಾರೆ. ಯಾವ ಕಾರ್ಖಾನೆಯೂ ಈ ಸಾಮಾನನ್ನು ಅವರಿಗೆ ಕಳುಹಿಸಿದ್ದಲ್ಲ. ಜಗಲಿಯೇ ಅದನ್ನು ತಯಾರಿಸಿತು.

ಇಂಥದೇ ವಿದ್ಯೆಯನ್ನು ದೊಡ್ಡವರು ದೊಡ್ಡ ಹೆಸರಿಟ್ಟು ನಡೆಸುತ್ತಾರೆ. ಅಮೆರಿಕದಲ್ಲಿ ಮನೆ ಕಟ್ಟುವ, ತಿದ್ದುವ ಸಾಮಾನುಗಳನ್ನು ಮಾರುವ ಲೋವ್ಸ್ ಎಂಬ ಸಂಸ್ಥೆಯುಂಟು. 1921ರಲ್ಲಿ ಉತ್ತರ ಕೆರೊಲಿನಾದ ಒಂದು ಸಣ್ಣ ಪಟ್ಟಣದಲ್ಲಿ ಒಂದೇ ಅಂಗಡಿಯಾಗಿ ಹುಟ್ಟಿದ್ದು. ಬೆಂಗಳೂರಿನಲ್ಲಿಯೂ ಅದರ ಕಚೇರಿಯಿದೆ. ಮುಂದಿನ ಕಾಲದ ಅಂಗಡಿ ಹೇಗಿರಬೇಕೆಂದು ತಿಳಿಯಲು ಅದು ಮೊರೆಹೊಕ್ಕದ್ದು ಯಾರನ್ನು ಬಲ್ಲಿರಾ? ವೈಜ್ಞಾನಿಕ ಕಥೆ ಬರೆಯುವವರನ್ನು! ಅವರ ಕಲ್ಪನೆಗಳು ಚಿತ್ರಕಥೆಯಾದುವು. ಅದರಿಂದ ಹುಟ್ಟಿದ್ದು 2014ರ ‘ಹೋಲೋರೂಮ್’. ಇನ್ನೂ ತಿದ್ದದ ಮನೆಯನ್ನು ತಿದ್ದಿದಂತೆಯೇ ಕಣ್ಣೆದುರು ತೋರಿಸುವ ಕೋಣೆ. ಕಥೆಗಾರರಿಗೂ ಮೊಳೆಯಂಗಡಿಯಲ್ಲಿ ಬೆಲೆಯುಂಟೆಂದು ಓದಿ ಸಾಹಿತ್ಯದ ಮೇಷ್ಟರಾದ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.

ನಮ್ಮಲ್ಲಿ ಇದಕ್ಕಿಂತ ಹಳೆಯ ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. ಅದರ ವಿಜ್ಞಾನಿಗಳು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮವನ್ನು ತಮ್ಮ ಪ್ರಯೋಗಶಾಲೆಯಾಗಿ ಮಾಡಿಕೊಂಡರು. ಕೆ. ಎಸ್. ಜಗದೀಶ್ ಮೊದಲಾದವರು ಬೆಳೆಸಿದ ಮಣ್ಣಿನ ಇಟ್ಟಿಗೆಯನ್ನು ಸುಡಬೇಕಾಗಿಲ್ಲ. ಮಣ್ಣಿಗೆ ಬೇಕಾದಷ್ಟು ಮರಳನ್ನೂ ನೂರಕ್ಕೆ ಐದರಿಂದ ಎಂಟು ಪಾಲಿನಷ್ಟು ಸಿಮೆಂಟನ್ನೂ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಕೆಲವು ವಾರ ನೀರುಣಿಸಿದರೆ ಸಾಕು, ಸೌದೆ ಉಳಿಯುತ್ತದೆ. ಪುಸ್ತಕದ ವಿದ್ಯೆಯೂ ಹಳ್ಳಿಯ ಅಂಗಳವೂ ಅಲ್ಲಿ ಎದುರುಬದುರಾದುವು.

ಇಷ್ಟೆಲ್ಲ ಚೆನ್ನಾಗಿದೆ. ಆದರೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ನನ್ನ ತಾರಸಿಯ ಸುದ್ದಿ ಹಬ್ಬಿದ ಮೇಲೆ ಶೆಟ್ಟರು ಸುಣ್ಣ, ಇಟ್ಟಿಗೆಪುಡಿ, ಅಳಲೆಕಾಯಿಗಳನ್ನು ಅಳತೆಗೆ ತಕ್ಕಂತೆ ಚೀಲಗಳಲ್ಲಿ ಕಟ್ಟಿಸಿ ಮಾರತೊಡಗಿದರು. ವ್ಯಾಪಾರ ಕುದುರಿತು. ಅಳತೆ ಮೇಸ್ತ್ರಿಯದು, ಮೇಸ್ತ್ರಿಗೆ ದೊರೆತದ್ದು ಟೀ. ಶೆಟ್ಟರು ಲೋಭಿಗಳೆಂದು ನಾನು ಹೇಳಲಾರೆ. 2022ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಐಕಿಯಾದಂಥ ಮಹಾಮಳಿಗೆ ಬಾಗಿಲು ತೆರೆದ ಮೇಲೆ, ಫೋನಿನಲ್ಲೇ ನಲ್ಲಿ ತಿರುಪುಗಳನ್ನು ತರಿಸಿಕೊಳ್ಳುವ ಈ ದಿನಗಳಲ್ಲಿ, ಹಳ್ಳಿಯ ಅಂಗಡಿ ಉಳಿದರೆ ಅದು ಜಗಲಿಯಿಂದಲೇ ಎಂಬುದನ್ನು ಅವರು ಬಲ್ಲರು. ಹಾಗಿದ್ದರೆ ಜಗಲಿಯವರಿಗೆ ಪಾಲೇಕಿಲ್ಲ?

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ, ಸಾಲ ಪಡೆಯುವವನೇ ಸಂಘದ ಒಡೆಯನೂ ಆದ. ಜನರನ್ನು ಕೂಡಿಸುವುದಕ್ಕೂ ಕೂಡಿದವರನ್ನು ಪಾಲುಗಾರರನ್ನಾಗಿ ಮಾಡುವುದಕ್ಕೂ ಇರುವ ಅಂತರ ಇದೇ. ದೊಡ್ಡ ಮಳಿಗೆಗಳ ‘ಸಮುದಾಯ’ವೆಂಬ ಮಾತಿನಲ್ಲಿ ಈ ಅಂತರ ಮರೆಯಾಗುತ್ತದೆಂದು ನನ್ನ ಅನುಮಾನ.

ಶೆಟ್ಟರನ್ನು ಕೇಳಲು ಹೊರಟವನು ನಾಚಿ ಒಮ್ಮೆ ಹಿಂದಿರುಗಿದ್ದೆ. ಹಳ್ಳಿಯ ಅಜ್ಜಿಯರಿಂದ ಪದಗಳನ್ನು ಹಾಡಿಸಿಕೊಂಡು, ‘ಸಂಗ್ರಾಹಕರು’ ಎಂದು ಮುಖಪುಟದಲ್ಲಿ ನಮ್ಮ ಹೆಸರನ್ನೇ ಮುದ್ರಿಸಿಕೊಂಡ ಜಾತಿ ನಮ್ಮದು.

ಕಡೆಗೆ ಕಳೆದ ತಿಂಗಳು ಕೇಳಿಯೇಬಿಟ್ಟೆ. ಶೆಟ್ಟರು ತಲೆ ಕೆರೆದುಕೊಂಡರು. “ದುಡ್ಡು ಕೊಡಕ್ಕೆ ಹೋದ್ರೆ ಅವರು ತಗಳಲ್ಲ ಸಾರ್” ಎಂದರು. ಮೇಸ್ತ್ರಿ ಪಕ್ಕದಲ್ಲೇ ಇದ್ದರು. “ಎಷ್ಟು ಅಂತ ಹೇಳಿ ಕೊಟ್ಟಿದ್ರೆ ತಗತಿದ್ದೆ” ಎಂದರು. ಜಗಲಿಯವರೆಲ್ಲ ನಕ್ಕರು, ಶೆಟ್ಟರೂ ನಗದೆ ಇರಲಿಲ್ಲ. ಅಂದು ಚೀಲದ ಮೇಲೆ ಅಂಟಿಸುವ ಚೀಟಿಯನ್ನು ನನ್ನ ಕೈಯಲ್ಲಿ ಬರೆಸಿದರು. ಕಲಸುವ ಕ್ರಮದ ಕೆಳಗೆ ಮೇಸ್ತ್ರಿಯ ಹೆಸರನ್ನೂ ಊರನ್ನೂ ಬರೆದುಕೊಟ್ಟೆ. ಚೀಲಕ್ಕೆ ಇಷ್ಟೆಂಬ ಲೆಕ್ಕ ಇನ್ನೂ ಇತ್ಯರ್ಥವಾಗಿಲ್ಲ. ಮುಂದಿನ ಗುರುವಾರ ಕೂತು ಮಾತಾಡುವುದೆಂದಾಗಿದೆ. ನನ್ನನ್ನೂ ಬರಹೇಳಿದ್ದಾರೆ.