ಎರಡು ತಂತಿಯ ಬಸ್ಸು, ಲೆಕ್ಕ ಬಲ್ಲ ಡ್ರೈವರ್

ಮಕ್ಕಳೇ, ರಾತ್ರಿ ಆರಿಸಿದ ಟಿ.ವಿ.ಯನ್ನು ಬೆಳಿಗ್ಗೆ ಹಾಕಿದರೆ ಅದು ನಿನ್ನೆಯಷ್ಟೇ ಧ್ವನಿಯಲ್ಲಿ ಮಾತನಾಡುತ್ತದೆ, ಅಲ್ಲವೇ? ಕರೆಂಟು ಹೋಗಿ ಬಂದರೂ ಅದಕ್ಕೆ ಮರೆವಿಲ್ಲ. ಅದರೊಳಗೆ ನೆನಪಿಟ್ಟುಕೊಳ್ಳುವ ಒಂದು ಚಿಪ್ ಇರುತ್ತದೆ. ಹಳೆಯ ಟಿ.ವಿ.ಗಳಲ್ಲಿ ಎಂಟು ಕಾಲಿನ ಪುಟ್ಟ ಕಪ್ಪು ಹುಳುವಿನಂತೆ ಕಾಣುತ್ತಿದ್ದ ಇದರ ಹೆಸರು ಇಇಪ್ರಾಮ್.

ನಾನು ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಈ ಚಿಪ್ಪಿನ ವಿಷಯ ನನಗೆ ತಿಳಿಸಿದವಳು ಒಂಬತ್ತನೇ ತರಗತಿಯ ಮೊಮ್ಮಗಳು. ಕೇಳುತ್ತಾ ಹೋದಂತೆ, ಇದೂ ನಮ್ಮ ಲೆಡ್ಜರ್ ಕಥೆಯೇ ಎನ್ನಿಸಿತು.

ಚಿಪ್ ಮತ್ತು ಅದನ್ನು ಆಳುವ ಪುಟ್ಟ ಕಂಪ್ಯೂಟರಿನ ನಡುವೆ ಎರಡೇ ತಂತಿ. ಒಂದರಲ್ಲಿ ಮಾತು, ಇನ್ನೊಂದರಲ್ಲಿ ತಾಳ. ಫಿಲಿಪ್ಸ್ ಕಂಪನಿ 1982ರಲ್ಲಿ ರೂಪಿಸಿದ ಈ ಏರ್ಪಾಡಿಗೆ ಐ-ಸ್ಕ್ವೇರ್-ಸಿ ಬಸ್ ಎಂದು ಹೆಸರು. ಹಲವು ಚಿಪ್‌ಗಳು ಇದೇ ತಂತಿಗಳನ್ನು ಹಂಚಿಕೊಳ್ಳುವುದರಿಂದ ಇದು ಬಸ್ಸು. ಯಾರ ಜೊತೆ ಯಾವಾಗ ಮಾತನಾಡಬೇಕೆಂದು ನಡೆಸುವ ಪ್ರೋಗ್ರಾಮೇ ಡ್ರೈವರ್. ಖಾಕಿ ಅಂಗಿಯವರಲ್ಲ!

ಎಲ್ಲರೂ ಒಂದೇ ತಂತಿಯಲ್ಲಿದ್ದರೆ ಕರೆದದ್ದು ಯಾರನ್ನು ಎಂದು ತಿಳಿಯುವುದು ಹೇಗೆ? ವಿಳಾಸದಿಂದ. ವಿಳಾಸದಲ್ಲಿ 7 ಬಿಟ್, ಅಂದರೆ ಏಳು ಸೊನ್ನೆ-ಒಂದುಗಳು. ಈ ಜಾತಿಯ ಚಿಪ್‌ಗಳಿಗೆ ಮೊದಲ ನಾಲ್ಕು ಯಾವಾಗಲೂ 1010. ಅದು ಮನೆತನದ ಹೆಸರಿದ್ದಂತೆ. ಉಳಿದ ಮೂರನ್ನು ಚಿಪ್ಪಿನ ಮೂರು ಕಾಲುಗಳಿಂದ ನಾವೇ ನಿಗದಿ ಮಾಡಬಹುದು. ಹಾಗಾಗಿ 24ಸಿ02 ಎಂಬ ಚಿಪ್‌ಗಳನ್ನು ಒಂದೇ ಬಸ್ಸಿಗೆ ಎಂಟರವರೆಗೆ ಜೋಡಿಸಬಹುದು. ಒಂದೊಂದೂ 256 ಸಾಲಿನ ಲೆಡ್ಜರ್. ಸಾಲಿಗೆ ಒಂದು ಅಕ್ಷರ ಅಥವಾ ಅಂಕಿ.

ಇದರ ಅಣ್ಣ 24ಸಿ16ರಲ್ಲಿ 2048 ಸಾಲು. ಆದರೆ ಸಾಲಿನ ಸಂಖ್ಯೆ ಹೇಳಲು ಇರುವುದು ಒಂದೇ ಬೈಟ್, ಅದರಲ್ಲಿ 0ರಿಂದ 255ರವರೆಗೆ ಮಾತ್ರ ಎಣಿಸಬಹುದು. ಅದಕ್ಕೇ ಇದು ವಿಳಾಸದ ಕೊನೆಯ ಮೂರು ಬಿಟ್‌ಗಳನ್ನು ಎಂಟು ಭಾಗಗಳ ಗುರುತಾಗಿ ತಾನೇ ಬಳಸಿಕೊಳ್ಳುತ್ತದೆ. ಹೀಗಾಗಿ ಅದೇ ಬಸ್ಸಿನಲ್ಲಿ ಇನ್ನೊಬ್ಬ ಅಣ್ಣನಿಗೆ ಜಾಗವಿಲ್ಲ. ಎದುರಿಗಿರುವುದು ತಮ್ಮನೋ ಅಣ್ಣನೋ ಎಂಬುದು ಡ್ರೈವರಿಗೆ ಗೊತ್ತಿರಲೇಬೇಕು.

ಮೊಮ್ಮಗಳು ಅಜ್ಜಿಗಾಗಿ ಒಂದು ಡಬ್ಬಿ ಮಾಡಿದ್ದಳು. ಗುಂಡಿ ಒತ್ತಿದರೆ ಡಾಕ್ಟರ ಫೋನ್ ನಂಬರು ದೊಡ್ಡದಾಗಿ ಕಾಣಬೇಕು. ಪರೀಕ್ಷೆಗೆಂದು 0123456789 ಬರೆದಳು. ಓದಿದಾಗ ಬಂದದ್ದು 89234567, ಕೊನೆಯ ಎರಡು ಜಾಗ ಖಾಲಿ! ಅವಳ ಚಿಪ್ಪಿನಲ್ಲಿ ಪುಟವೊಂದಕ್ಕೆ ಎಂಟೇ ಸಾಲು. ಒಂದೇ ಉಸಿರಿಗೆ ಹತ್ತು ಅಂಕಿ ಕಳಿಸಿದರೆ, ಪುಟ ಮುಗಿದೊಡನೆ ಚಿಪ್ ಮುಂದಿನ ಪುಟಕ್ಕೆ ಹೋಗುವುದಿಲ್ಲ, ಅದೇ ಪುಟದ ತಲೆಗೆ ಮರಳಿ ಹಳೆಯದರ ಮೇಲೆಯೇ ಬರೆಯುತ್ತದೆ. ತಪ್ಪಾಯಿತೆಂದು ಹೇಳುವುದೂ ಇಲ್ಲ. ಅಜ್ಜಿಗೆ ಎದೆನೋವು ಬಂದ ರಾತ್ರಿ ಇಂಥ ನಂಬರು ಕಂಡರೆ ಏನು ಗತಿ?

ಪುಟ ತಿರುಗಿಸುವ ಹೊಣೆ ಡ್ರೈವರಿನದು. ಮೊದಲು ಎಂಟು ಅಂಕಿ ಕಳಿಸಿ ನಿಲ್ಲಬೇಕು. ಬರೆದು ಮುಗಿಸಲು ಚಿಪ್ಪಿಗೆ ಕೆಲವು ಮಿಲಿಸೆಕೆಂಡು ಬೇಕು, ಆಗ ಕರೆದರೆ ಓಗೊಡುವುದಿಲ್ಲ. ಓಗೊಡುವವರೆಗೆ ಕರೆಯುತ್ತಿದ್ದು, ಆಮೇಲೆ ಉಳಿದೆರಡನ್ನು ಮುಂದಿನ ಪುಟದ ವಿಳಾಸ ಹೇಳಿ ಕಳಿಸಬೇಕು. ಮೊಮ್ಮಗಳು ಹಾಗೆಯೇ ತಿದ್ದಿದಳು. ಈಗ ಅವಳ ಡ್ರೈವರ್ ಪ್ರತಿ ಸಲವೂ ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುತ್ತದೆ. ಬ್ಯಾಂಕಿನಲ್ಲಿ ನಾವೂ ಸಂಜೆ ಲೆಕ್ಕ ತಾಳೆಯಾಗದೆ ಮನೆಗೆ ಹೊರಡುತ್ತಿರಲಿಲ್ಲ.

ನಿಮಗೊಂದು ಲೆಕ್ಕ: ಸಾಲುಗಳನ್ನು 0ಯಿಂದ ಎಣಿಸಿ, ಪುಟಕ್ಕೆ ಎಂಟು ಸಾಲು. 13ನೇ ಸಾಲಿನಿಂದ ಹತ್ತು ಅಂಕಿ ಬರೆಯಬೇಕಾದರೆ ಡ್ರೈವರ್ ಹೇಗೆ ಭಾಗ ಮಾಡಬೇಕು? ಅಜ್ಜನ ಜೊತೆ ಕೂತು ಬಿಡಿಸಿ. (ಉತ್ತರ: ಮೊದಲು 3, ಆಮೇಲೆ 7.)